ಕಂಸದೊಳಗಿನ ಕೀಬೋರ್ಡು

ಪ್ರಶ್ನೆ: ನನಗೆ 54 ವರ್ಷ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣದೊಂದು ಜೀನ್ಸ್ ಹೊಲಿಗೆ ಘಟಕವಿದೆ, ಹದಿನಾಲ್ಕು ಮಶೀನು. 1988ರಿಂದ 93ರವರೆಗೆ ನಾವು ನಾಲ್ವರು ಗೆಳೆಯರು ಆರ್ಕೆಸ್ಟ್ರಾ ನಡೆಸಿದೆವು. ಗಣೇಶನ ಪೆಂಡಾಲು, ಮದುವೆ, ಉರುಸು, ಕರೆದಲ್ಲಿಗೆ ಹೋಗಿ ಕನ್ನಡ, ತೆಲುಗು, ಹಿಂದಿ ಹಾಡು ನುಡಿಸುತ್ತಿದ್ದೆವು. ಈಗ ರಾತ್ರಿ ಎರಡರವರೆಗೆ ಅದೇ ಹಾಡು ಕೇಳುತ್ತಾ ಕೂರುತ್ತೇನೆ, ಕಣ್ಣು ತುಂಬುತ್ತೆ. ಹೆಂಡತಿ, ‘ಇದೊಂದು ರೋಗ. ಮನ್ಯಾಗ ಅದೀರಿ, ಆದ್ರ ಇಲ್ಲ’ ಅಂತಾಳೆ. ಮಾಳಿಗೆ ಮೇಲಿನ ಎರಡು ಟ್ರಂಕ್ ಕ್ಯಾಸೆಟ್ಟು ಗುಜರಿಗೆ ಹಾಕಬೇಕಂತೆ. ಹತ್ತೊಂಬತ್ತರ ಮಗ ರ‍್ಯಾಪ್ ಹಚ್ಚಿದ್ದಕ್ಕೆ ‘ಇದೂ ಒಂದು ಹಾಡಾ’ ಅಂದೆ, ಮಾತು ಬಿಟ್ಟು ತಿಂಗಳಾಯಿತು. ಈ ಸಲ ಗಣೇಶ ಹಬ್ಬಕ್ಕೆ ಎರಡು ಲಕ್ಷ ಹಾಕಿ ಹಳೆಯ ತಂಡವನ್ನು ಮತ್ತೆ ಸ್ಟೇಜ್ ಹತ್ತಿಸುವ ಆಸೆ. ಇಬ್ಬರು ಒಪ್ಪಿದ್ದಾರೆ. (ಹಾಡುವವನು ಇದೇ ಊರಲ್ಲಿ ಆಟೋ ಓಡಿಸುತ್ತಾನೆ, ಮಾತಿಲ್ಲ. 93ರಲ್ಲಿ ನಾಲ್ವರೂ ದುಡ್ಡು ಹಾಕಿ ಕೊಂಡಿದ್ದ ಕೀಬೋರ್ಡನ್ನು ನಾನು ಮಾರಿ ಹೊಲಿಗೆ ಮಶೀನು ತಂದೆ.) ದುಡ್ಡು ಹಾಕಲೋ ಬೇಡವೋ?
— ಹೆಸರು ಬೇಡ, ಬಳ್ಳಾರಿ

ಉತ್ತರ: ನಿಮ್ಮ ಪತ್ರ ಮೂರು ಪುಟ ಇತ್ತು. ಮೇಲೆ ಅಚ್ಚಾಗಿರುವುದು ಅದರ ಕಾಲು ಭಾಗವೂ ಇಲ್ಲ. ಸ್ಪೀಕರ್ ಡಬ್ಬಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಹೋದದ್ದು, ರಿದಂ ಪ್ಯಾಡಿನ ಮೇಲೆ ಮಳೆ ಬಿದ್ದದ್ದು, ಎಕೋ ಹೆಚ್ಚಾಗಿ ಜನ ಕೂಗಿದ್ದು, ಎಲ್ಲ ವಿವರವಾಗಿ ಬರೆದಿದ್ದೀರಿ. ಕಂಸ ಮಾತ್ರ ನೀವು ಹಾಕಿದ್ದು, ಅದನ್ನು ಹಾಗೇ ಬಿಟ್ಟಿದ್ದೇನೆ. ಮೂರು ಪುಟದಲ್ಲಿ ಕಂಸ ಬಂದಿರುವುದು ಅಲ್ಲೊಂದೇ ಕಡೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆಯ ಜಗಳ.

ರೋಗ ಅಂದವರಲ್ಲಿ ನಿಮ್ಮ ಮನೆಯವರು ಮೊದಲಿಗರೇನಲ್ಲ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಊರು ಬಿಟ್ಟು ಹೋಗಿ ಊರಿನ ಹಂಬಲದಲ್ಲೇ ಸೊರಗುವ ಸ್ವಿಸ್ ಜನರನ್ನು ಕಂಡು, ಅದಕ್ಕೊಂದು ಕಾಯಿಲೆಯ ಹೆಸರೇ ಇಟ್ಟ. ‘ನಾಸ್ಟಾಲ್ಜಿಯಾ’ ಹುಟ್ಟಿದ್ದು ಹಾಗೆ. ಈಗ ಯಾವ ಡಾಕ್ಟರೂ ಇದನ್ನು ರೋಗ ಅನ್ನುವುದಿಲ್ಲ. ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಮಿಕ್ಕ ವಯಸ್ಸಿನವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರದವರು ಮತ್ತೆ ಮತ್ತೆ ಕಂಡಿದ್ದಾರೆ. ಹಾಡು ಕೇಳಿ ಕಣ್ಣು ತುಂಬಿದರೆ ತುಂಬಲಿ. ಆದರೆ ರಾತ್ರಿ ಎರಡಕ್ಕಲ್ಲ. ಬೆಳಿಗ್ಗೆ ಹದಿನಾಲ್ಕು ಮಶೀನಿನ ಲೆಕ್ಕ ನೋಡಬೇಕಾದವರು ನೀವು. ಹನ್ನೊಂದಕ್ಕೆ ಬಂದ್ ಮಾಡಿ. ಅದಕ್ಕೂ ಮುಂಚೆ ಒಂದು ಹಾಡನ್ನಾದರೂ ಅವರಿರುವಾಗ ಹಚ್ಚಿ, ಅದನ್ನು ಎಲ್ಲಿ ನುಡಿಸಿದಿರಿ ಅಂತ ಹೇಳಿ. ನನಗೆ ಬರೆದಷ್ಟು ಅವರಿಗೆ ಹೇಳಿರಲಾರಿರಿ ಅಂತ ನನ್ನ ಗುಮಾನಿ.

ಟ್ರಂಕಿನ ವಿಷಯದಲ್ಲಿ ನಾನು ಅರ್ಧ ಅವರ ಕಡೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟು ಗುಜರಿಗೆ ಹೋದರೆ ಯಾರಿಗೂ ನಷ್ಟವಿಲ್ಲ, ಆ ಹಾಡುಗಳೆಲ್ಲ ನಿಮ್ಮ ಫೋನಿನಲ್ಲೇ ಇವೆ. ಕೈಬರಹದ ಚೀಟಿ ಅಂಟಿಸಿದ್ದನ್ನು ಮಾತ್ರ ಕೊಡಬೇಡಿ. ನಾನು ರಾಯಚೂರಿನವಳು. ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು, ಖಾಲಿ ಸಿ-60 ಕೊಟ್ಟು ಬರುತ್ತಿದ್ದೆವು. ಒಂದು ಬದಿಗೆ ಅರ್ಧ ಗಂಟೆ. ಪಟ್ಟಿ ಮುಗಿದು ಟೇಪು ಉಳಿದರೆ ಅಂಗಡಿಯಾತ ತನಗೆ ಸೇರಿದ ಒಂದು ಖವ್ವಾಲಿ ತುಂಬಿ ಕೊಡುತ್ತಿದ್ದ. ಅವತ್ತು ಬೈದುಕೊಂಡೆ. ಈಗ ಅದು ಅರ್ಧಕ್ಕೆ ಕಡಿದುಹೋಗುವ ಜಾಗವೇ ನನಗೆ ಬೇಕು, ಯಾವ ಫೋನಿನಲ್ಲೂ ಅದಿಲ್ಲ.

ಮಗ. ನೀವು ಪತ್ರದ ಜೊತೆ ಕಳಿಸಿದ 1990ರ ಫೋಟೋದಲ್ಲಿ ನಾಲ್ವರೂ ಬ್ಯಾಗಿ ಪ್ಯಾಂಟಿನಲ್ಲಿದ್ದೀರಿ. ಒಂದೊಂದರಲ್ಲಿ ಇಬ್ಬಿಬ್ಬರು ಹಿಡಿಸುವಷ್ಟು ಅಗಲ. ಈಗ ನಿಮ್ಮ ಘಟಕಕ್ಕೆ ಬರುವ ಆರ್ಡರಿನಲ್ಲಿ ಹೆಚ್ಚಿನವು ಮತ್ತೆ ಅದೇ ಬ್ಯಾಗಿ ಜೀನ್ಸು ಎಂದು ನೀವೇ ಬರೆದಿದ್ದೀರಿ. ಹಂಗೆ ಸಡಿಲ ಪ್ಯಾಂಟು ಹಾಕ್ಕೊಂಡು, ತಲೆಗೆ ಟೋಪಿ ಎಳಕೊಂಡು ಓಡಾಡುವ ಮಗನನ್ನು ಕಂಡರೆ ಮಾತ್ರ ನಿಮಗೆ ಸಿಟ್ಟು. ಕಂಪನಿ ನಾಟಕದ ಹುಚ್ಚಿದ್ದ ನಿಮ್ಮ ತಂದೆ, ಲೆಗ್ ಹಾರ್ಮೋನಿಯಂ ಬಿಟ್ಟರೆ ಮಿಕ್ಕಿದ್ದೆಲ್ಲ ಡಬ್ಬಾ ಬಡಿಯೋದು ಅನ್ನುತ್ತಿದ್ದರಂತೆ. ಅದನ್ನೂ ನೀವೇ ಬರೆದದ್ದು. ‘ಅವತ್ತು ಹಂಗಂದಿದ್ದು ನನ್ನ ತಪ್ಪು’ ಅಂತ ಒಂದು ಮಾತು ಹೇಳಿ ಸುಮ್ಮನಾಗಿ. ಅವನ ಹಾಡು ಇಷ್ಟ ಅಂತ ನಟಿಸಬೇಡಿ, ಹತ್ತೊಂಬತ್ತರವರಿಗೆ ನಟನೆ ತಕ್ಷಣ ಗೊತ್ತಾಗುತ್ತೆ.

ಇನ್ನು ಎರಡು ಲಕ್ಷ.

ಹಾಕಬೇಡಿ. ಒಂದು ಕಾರಣ ಒಣ ವ್ಯವಹಾರದ್ದು. ನಿಮ್ಮ ಕಾಲದಲ್ಲಿ ಪ್ರೋಗ್ರಾಂ ಶುರುವಾಗುತ್ತಿದ್ದದ್ದೇ ಹತ್ತಕ್ಕೆ, ಮುಗಿಯುತ್ತಿದ್ದದ್ದು ಕೋಳಿ ಕೂಗಿದ ಮೇಲೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಸರ್ಕಾರ ಹಬ್ಬಕ್ಕೆಂದು ಸಡಿಲಿಸಿದರೂ ಹನ್ನೆರಡರ ತನಕ, ಅದೂ ವರ್ಷಕ್ಕೆ ಹದಿನೈದು ದಿನದೊಳಗೆ. ನಿಮ್ಮ ಕನಸಿನಲ್ಲಿರುವ ಆ ಬೆಳಗಿನ ಜಾವ ಯಾವ ದುಡ್ಡಿಗೂ ಸಿಗುವುದಿಲ್ಲ.

ಇನ್ನೊಂದು ಕಾರಣ ಆ ಕಂಸ. ಪತ್ರವನ್ನು ಎರಡು ಸಲ ಓದಿದೆ. ಹಾಡಿನ ವಿಷಯ ಬಂದಾಗೆಲ್ಲ ನೀವು ಹಾಡುವವನ ಬಗ್ಗೆಯೇ ಬರೆದಿದ್ದೀರಿ. ಮೇಲಿನ ಸ್ವರಕ್ಕೆ ಹೋಗುವಾಗ ಅವರು ಎಡಗೈಯಿಂದ ಕಿವಿ ಮುಚ್ಚುತ್ತಿದ್ದದ್ದು, ಪ್ರೋಗ್ರಾಂ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಪೇಪರಿನಲ್ಲಿ ವಗ್ಗರಣಿ-ಮಿರ್ಚಿ ತಿಂದದ್ದು. ಆ ಹಾಡುಗಳು ಮದ್ರಾಸಿನವೋ ಬೊಂಬಾಯಿಯವೋ ಆಗಿದ್ದವು, ನಿಮ್ಮವಾಗಿರಲಿಲ್ಲ. ಪಕ್ಕದಲ್ಲಿ ನಿಂತು ಹಾಡಿದವರು ನಿಮ್ಮವರು. ಅವರ ಪಾಲಿನ ದುಡ್ಡೂ ಇದ್ದ ಕೀಬೋರ್ಡು ನಿಮ್ಮ ಮೊದಲ ಹೊಲಿಗೆ ಮಶೀನಾಯಿತು, ಈಗ ಹದಿನಾಲ್ಕಾಗಿದೆ. ಎರಡು ಲಕ್ಷದ ಲೈಟು, ಸೌಂಡು ಹಾಕಿಸಿ ಆ ಸಾಲವನ್ನು ಊರ ಮುಂದೆ ತೀರಿಸಲು ಹೊರಟಿದ್ದೀರಿ, ಸಾಲ ಅಂತ ಬಾಯಿಬಿಟ್ಟು ಹೇಳದೆ. ಸ್ಟೇಜಿನ ಮೇಲೆ ಅವರು ಇಲ್ಲವೆನ್ನಲಾರರು ಅಂತಲೂ ಒಳಗೆ ಲೆಕ್ಕ ಇರಬಹುದು. ನನ್ನ ಮಾತು ಬಿರುಸಾಯಿತೇನೋ. ಆದರೂ ಅವತ್ತು ನೀವು ಮಾಡಿದ್ದು ಮೋಸವೋ ಬಡತನವೋ ಅಂತ ನಾನು ತೀರ್ಮಾನಿಸುವುದಿಲ್ಲ, ಅದು ಅವರಿಗೆ ಬಿಟ್ಟದ್ದು.

ಘಟಕಕ್ಕೆ ರಜೆಯಿರುವ ದಿನ ಅವರ ಮನೆಗೆ ಹೋಗಿ. ಒಬ್ಬರೇ ಹೋಗಿ, ಒಪ್ಪಿದ ಇಬ್ಬರನ್ನು ಕರೆದೊಯ್ದರೆ ಅದು ಪಂಚಾಯ್ತಿಯಾಗುತ್ತೆ. ‘ಆ ಹಾಡು ನೆನಪೈತಾ’ ಅಂತ ಶುರು ಮಾಡಬೇಡಿ. ಚಹಾ ಬರುವ ಮುಂಚೆಯೇ ಕೀಬೋರ್ಡಿನ ಮಾತು ತೆಗೆಯಿರಿ, ಎಷ್ಟಕ್ಕೆ ಮಾರಿದಿರಿ ಅನ್ನುವುದೂ ಸೇರಿ. ಅವರ ಪಾಲು ಈಗಿನ ಬೆಲೆಗೆ ಎಷ್ಟಾಗುತ್ತೋ ಅಷ್ಟು ಲಕೋಟೆಯಲ್ಲಿರಲಿ. ತೊಗೊಳ್ಳದಿದ್ದರೆ ಒತ್ತಾಯ ಬೇಡ. ಬೈದರೆ ಬೈಸಿಕೊಳ್ಳಿ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೂ ಕಳಿಸಬಹುದು. ಮೂವತ್ತು ವರ್ಷ ಮೀರಿದ ಸಿಟ್ಟು ಅವರದು.

1991ರ ಗಣೇಶ ಹಬ್ಬದ ಪ್ರೋಗ್ರಾಮಿನ ಕ್ಯಾಸೆಟ್ಟು ಟ್ರಂಕಿನಲ್ಲಿದೆ, ಕೇಳಲು ಧೈರ್ಯ ಸಾಲದೆ ಇಟ್ಟಿದ್ದೇನೆ ಅಂದಿದ್ದೀರಿ. ಅದನ್ನು ಇವತ್ತೇ ಮಾಳಿಗೆಯಿಂದ ಇಳಿಸಿ. ಬಳ್ಳಾರಿ ಬಿಸಿಲಿಗೆ ಟೇಪು ಸೊಟ್ಟಗಾಗುತ್ತೆ. ಮೇಲಿನ ಕೆಂಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ. (ಟೇಪಿನ ಕಂದು ಲೇಪವೂ ಐರನ್ ಆಕ್ಸೈಡೇ, ಸಂಡೂರಿನ ಅದಿರಿನ ಹಾಗೆ. ಕಂಸ ಹಾಕುವ ಚಟ ನನಗೂ ಅಂಟಿತು ನೋಡಿ.) ಹಳೆಯ ಡೆಕ್ಕಿಗೆ ತುರುಕಿ ಒಮ್ಮೆಲೇ ಪ್ಲೇ ಒತ್ತಬೇಡಿ. ಪೆನ್ಸಿಲ್ ತೂರಿಸಿ ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಸಲೀಸಾಗಿ ಓಡುತ್ತಾ ನೋಡಿ. ಟೇಪಿನ ಹಿಂದೆ ತಾಮ್ರದ ಪಟ್ಟಿಯ ಮೇಲೆ ಬೆರಳುಗುರಿನಷ್ಟು ಮೆತ್ತನೆಯ ತುಂಡಿರುತ್ತೆ. ಗೋಂದು ಒಣಗಿ ಅದು ಬಿದ್ದುಹೋಗಿದ್ದರೆ ಧ್ವನಿ ಮಂಕಾಗುತ್ತೆ. ಡೆಕ್ಕಿನ ರಬ್ಬರ್ ಬೆಲ್ಟನ್ನು ರಿಪೇರಿಯವರಿಂದ ಹೊಸದು ಹಾಕಿಸಿ, ಇಲ್ಲದಿದ್ದರೆ ಹಾಡು ಎಳೆದಾಡಿ ಗೆಳೆಯ ಅಪಶ್ರುತಿ ಹಾಡಿದ್ದ ಅಂದುಕೊಳ್ಳುತ್ತೀರಿ. ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಎರಡು ಚಿಕ್ಕ ಕಿವಿಗಳು ಹಾಗೇ ಇದ್ದರೆ ಮುರಿದುಬಿಡಿ, ತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗದು. ಕಂಪ್ಯೂಟರಿಗೆ ಇಳಿಸುವ ಕೆಲಸ ಮಗನಿಗೆ ಗೊತ್ತಿರುತ್ತೆ, ಅವನಾಗಿ ಕೇಳಿದರೆ ಕೊಡಿ.

ಇಳಿಸುವಾಗ ಹಾಡಿನಿಂದ ಹಾಡಿಗೆ ಓಡಿಸಬೇಡಿ, ನಡುವಿನ ಗದ್ದಲವೂ ಇರಲಿ. ಪ್ರತಿ ಪ್ರೋಗ್ರಾಮಿನಲ್ಲೂ ಎರಡನೆಯ ಹಾಡು ಮುಗಿದ ಮೇಲೆ ಅವರು ಮೈಕಿನಲ್ಲಿ ‘ಕೀಬೋರ್ಡಿನಲ್ಲಿ ನಮ್ಮ’ ಅಂತ ನಿಮ್ಮ ಹೆಸರು ಕೂಗುತ್ತಿದ್ದರು ಅಂದಿದ್ದೀರಲ್ಲ, ಅದು ಅಲ್ಲೇ ಇರುತ್ತೆ.