ತಾಜ್ ಹೋಟೆಲನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರಾ?

ಪ್ರಶ್ನೆ: ಮುಂಬೈನ ತಾಜ್ ಮಹಲ್ ಹೋಟೆಲಿನ ಬಗ್ಗೆ ಚಿಕ್ಕಂದಿನಿಂದ ಒಂದು ಕಥೆ ಕೇಳುತ್ತಾ ಬಂದಿದ್ದೇನೆ. ನಕ್ಷೆ ಮಾಡಿದ ಇಂಗ್ಲಿಷಿನವನು ತನ್ನ ದೇಶಕ್ಕೆ ಹೋಗಿ ವಾಪಸ್ ಬಂದು ನೋಡಿದರೆ, ಕಟ್ಟಡದ ಬೆನ್ನು ಸಮುದ್ರದ ಕಡೆಗಿತ್ತಂತೆ, ಮುಖ ಊರಿನ ಕಡೆಗಿತ್ತಂತೆ. ಆ ದುಃಖಕ್ಕೆ ಅವನು ಪ್ರಾಣ ಕಳೆದುಕೊಂಡನಂತೆ. ಇದು ನಿಜವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಲ್ಲ, ನಿಜ ಅಲ್ಲ. ನಿಮಗೆ ಹೇಳಿದವರು ನಂಬಿಯೇ ಹೇಳಿರುತ್ತಾರೆ, ಅಷ್ಟು ಹಳೆಯ ಕಥೆ ಇದು. ಆದರೆ ಇದನ್ನು ಹೇಳಿದಾಗೆಲ್ಲ ಒಬ್ಬ ಇಂಗ್ಲಿಷಿನವನ ದುಃಖ ಮಾತ್ರ ನೆನಪಲ್ಲಿ ಉಳಿಯುತ್ತದೆ, ಕಟ್ಟಡಕ್ಕೆ ರೂಪ ಕೊಟ್ಟ ನಮ್ಮವರ ಹೆಸರು ಮರೆತೇ ಹೋಗುತ್ತದೆ. ನನಗೆ ಬೇಜಾರು ಅದಕ್ಕೆ.

ತಾಜ್‌ನ ನಕ್ಷೆ ಶುರು ಮಾಡಿದವರು ಸೀತಾರಾಮ ಖಂಡೇರಾವ್ ವೈದ್ಯ. ಅವರ ಜೊತೆಗಿದ್ದವರು ಡಿ.ಎನ್. ಮಿರ್ಜಾ. ಮುಂಬೈನ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ ರೂಪಿಸಿದ ಎಫ್.ಡಬ್ಲ್ಯು. ಸ್ಟೀವನ್ಸ್ ಕೈಕೆಳಗೆ ಕೆಲಸ ಮಾಡಿ ಪಳಗಿದವರು ವೈದ್ಯರು. ಹೋಟೆಲಿನ ಕೆಲಸ ನಡೆಯುತ್ತಿರುವಾಗಲೇ, 1900ರಲ್ಲಿ, ಅವರು ತೀರಿಕೊಂಡರು. ಡಬ್ಲ್ಯು.ಎ. ಚೇಂಬರ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಬಂದಿದ್ದು ಆಮೇಲೆ, ಉಳಿದ ಕೆಲಸ ಮುಗಿಸಲಿಕ್ಕೆ. ಅಂದರೆ ಕಥೆಯಲ್ಲಿ ಬರುವ, ನಕ್ಷೆ ಕೊಟ್ಟು ಊರಿಗೆ ಹೋದ ಆ ಇಂಗ್ಲಿಷಿನವನು ಇಲ್ಲಿ ಇರಲೇ ಇಲ್ಲ.

ಹಾಗಾದರೆ ಬಾಗಿಲು ಊರಿನ ಕಡೆಗಿದ್ದಿದ್ದು ಸುಳ್ಳಾ ಅಂತ ಕೇಳಬಹುದು. ಅದು ಸುಳ್ಳಲ್ಲ. ಹಳೆಯ ಮುಖ್ಯ ಬಾಗಿಲು ಪಶ್ಚಿಮಕ್ಕೇ ಇತ್ತು, ಬೇಕಂತಲೇ ಹಾಗೆ ಇಟ್ಟಿದ್ದು. ಆಗ ಜನ ಕುದುರೆ ಗಾಡಿಯಲ್ಲಿ ಊರಿನ ಕಡೆಯಿಂದ ಬರುತ್ತಿದ್ದರು. ಕಟ್ಟಡದ ಎರಡು ರೆಕ್ಕೆಗಳು ಆ ಕಡೆಗೇ ಚಾಚಿಕೊಂಡು ನಡುವೆ ಒಂದು ಅಂಗಳ ಬಿಟ್ಟಿವೆ, ಈಗ ಈಜುಕೊಳ ಇದೆಯಲ್ಲ, ಅದೇ ಜಾಗ. ಇನ್ನೊಂದು ವಿಷಯ ಗಮನಿಸಿ: ಹೋಟೆಲಿನ ಎದುರಿಗಿರುವುದು ಬಂದರಿನ ನೀರು, ಅದು ಪೂರ್ವಕ್ಕಿದೆ. ಮಧ್ಯಾಹ್ನದ ತಂಪು ಗಾಳಿ ಬೀಸುವುದು ಪಶ್ಚಿಮದ ಅರಬ್ಬೀ ಸಮುದ್ರದಿಂದ. ಅಂಗಳ ಆ ಕಡೆ ತೆರೆದುಕೊಂಡರೆ ಗಾಳಿ ಒಳಗೆ ಬರುತ್ತದೆ, ನೀರು ಕಾಣುವ ಬದಿ ಪೂರ್ತಿ ಕೋಣೆಗಳಿಗೆ ಉಳಿಯುತ್ತದೆ. ಎ.ಸಿ. ಇಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆ ಲೆಕ್ಕಾಚಾರ ಬೇಕಾ? ಎಷ್ಟೋ ವರ್ಷಗಳ ನಂತರ ಬಾಗಿಲನ್ನು ಪೂರ್ವಕ್ಕೆ, ಬಂದರಿನ ನೀರಿನ ಕಡೆಗೆ ಬದಲಾಯಿಸಿದರು. ಹಳೇ ವ್ಯವಸ್ಥೆ ಗೊತ್ತಿಲ್ಲದವರಿಗೆ ಎಲ್ಲವೂ ತಿರುಗಾಮುರುಗಾ ಕಂಡಿತು.

ಗೇಟ್‌ವೇ ಆಫ್ ಇಂಡಿಯಾ ಕಡೆ ಮುಖ ಮಾಡಬೇಕಿತ್ತಲ್ವಾ ಅನ್ನುವವರೂ ಇದ್ದಾರೆ. ಹೋಟೆಲ್ ಬಾಗಿಲು ತೆರೆದಿದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇಗೆ ಅಡಿಗಲ್ಲು ಬಿದ್ದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ಕೆಲಸ ಮುಗಿದಿದ್ದು 1924ರಲ್ಲಿ. ಅಲ್ಲಿಯವರೆಗೆ ಹಡಗಿನಲ್ಲಿ ಬರುವವರಿಗೆ ದಡದಲ್ಲಿ ಎದ್ದು ಕಾಣುತ್ತಿದ್ದದ್ದು ತಾಜ್‌ನ ಗುಮ್ಮಟವೇ.

ಪ್ರಶ್ನೆ: ಜಮ್ಷೆಟ್‌ಜಿ ಟಾಟಾ ಅವರನ್ನು ವಾಟ್ಸನ್ ಹೋಟೆಲಿನವರು ಭಾರತೀಯ ಅಂತ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ತಾಜ್ ಕಟ್ಟಿಸಿದರು ಅಂತಾರಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಘಟನೆಗೆ ಗಟ್ಟಿ ಆಧಾರ ಇಲ್ಲ, ಹಾಗಾಗಿ ಬಹಳಷ್ಟು ಇತಿಹಾಸಕಾರರು ಒಪ್ಪುವುದಿಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದು ಊರು ನಲುಗಿತ್ತು. ಊರಿಗೆ ಮತ್ತೆ ಕಳೆ ಬರಬೇಕು, ಹೊರಗಿನಿಂದ ಜನ ಬರಬೇಕು, ಅವರಿಗೆ ತಕ್ಕ ಹೋಟೆಲ್ ಬೇಕು ಅನ್ನುವ ಯೋಚನೆ ಜಮ್ಷೆಟ್‌ಜಿಯವರದು. ಸಿಟ್ಟಿನ ಕಥೆಗಿಂತ ಇದೇ ದೊಡ್ಡ ಮಾತು ಅಂತ ನನಗೆ ಅನ್ನಿಸುತ್ತದೆ. ಹೋಟೆಲಿಗೆ ವಿದ್ಯುತ್ ದೀಪ, ಜರ್ಮನಿಯ ಲಿಫ್ಟ್, ಅಮೆರಿಕದ ಫ್ಯಾನ್ ಎಲ್ಲ ತರಿಸಿದರು. ಶುರುವಾದ ದಿನ ಕಟ್ಟಡ ಪೂರ್ತಿ ಆಗಿರಲಿಲ್ಲ, ಇದ್ದ ಅತಿಥಿಗಳು 17 ಜನ ಮಾತ್ರ. ಮುಂದಿನ ಮೇ ತಿಂಗಳಲ್ಲೇ ಜಮ್ಷೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು.

ವಾಟ್ಸನ್ ಕಟ್ಟಡ ಕಾಲಾ ಘೋಡಾದಲ್ಲಿ ಇನ್ನೂ ಇದೆ. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟನ್ನು ಹಡಗಿನಲ್ಲಿ ತಂದು ಜೋಡಿಸಿದ್ದು ಅದು. 1896ರ ಜುಲೈ 7ರಂದು ಸಿನಿಮಾ ಶುರು ಮಾಡಿದವರಲ್ಲಿ ಮೊದಲಿಗರಾದ ಫ್ರಾನ್ಸಿನ ಲುಮಿಯೇರ್ ಸಹೋದರರ ಚಲಚಿತ್ರಗಳನ್ನು ತೋರಿಸಿದ್ದು ಅಲ್ಲೇ. ಅದನ್ನೂ ನೋಡಿ ಬನ್ನಿ.

ಪ್ರಶ್ನೆ: ಮುಂದಿನ ತಿಂಗಳು ಮುಂಬೈಗೆ ಹೋಗುತ್ತಿದ್ದೇವೆ. ತಾಜ್‌ನಲ್ಲಿ ಏನು ನೋಡಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಗೇಟ್‌ವೇ ಹತ್ತಿರ ಹೋಟೆಲಿಗೆ ಮುಖ ಮಾಡಿ ನಿಲ್ಲಿ. ಬಲಕ್ಕೆ ಕಾಣುವ ಎತ್ತರದ ಕಟ್ಟಡ 1973ರದ್ದು. ಎಡಕ್ಕಿರುವುದು ಹಳೆಯದು. ಗುಜರಾತಿನ ಹವೇಲಿಗಳಲ್ಲಿ ಇರುವಂಥ ಹೊರಚಾಚಿದ ಕಿಟಕಿಗಳು, ಮೂಲೆಗಳಲ್ಲಿ ಚಿಕ್ಕ ಗುಮ್ಮಟ, ನಡುವೆ ಯುರೋಪಿನ ಚರ್ಚುಗಳ ಮೇಲೆ ಕಾಣುವಂಥ ದೊಡ್ಡ ಗುಮ್ಮಟ. ಇಷ್ಟೆಲ್ಲ ಒಂದೇ ಗೋಡೆಯ ಮೇಲೆ ಬಂದರೂ ಯಾವುದೂ ಇನ್ನೊಂದರ ಜೊತೆ ಜಗಳ ಆಡುವುದಿಲ್ಲ. ಒಳಗೆ ಹೋಗುವ ಅವಕಾಶ ಸಿಕ್ಕರೆ ದೊಡ್ಡ ಗುಮ್ಮಟದ ಕೆಳಗಿನ ಮೆಟ್ಟಿಲನ್ನು ಬಿಡಬೇಡಿ. ನಡುವೆ ಕಂಬದ ಆಸರೆ ಇಲ್ಲ, ಮೆಟ್ಟಿಲು ಪಕ್ಕದಿಂದ ಚಾಚಿಕೊಂಡು ಮಹಡಿಯಿಂದ ಮಹಡಿಗೆ ಏರುತ್ತದೆ. ಕೆಳಗೆ ನಿಂತು ಕತ್ತೆತ್ತಿದರೆ ಗುಮ್ಮಟದವರೆಗೆ ಖಾಲಿ ಜಾಗ. ಇದನ್ನು ರೂಪಿಸಿದವರು ಕಟ್ಟಡದ ಗುತ್ತಿಗೆದಾರರೇ ಆಗಿದ್ದ ಖಾನ್ ಸಾಹೇಬ್ ಸೊರಾಬ್‌ಜಿ ರತನ್‌ಜಿ ಕಂಟ್ರಾಕ್ಟರ್. ಜೊತೆಗಿರುವ ಮಕ್ಕಳಿಗೆ ಈ ಹೆಸರನ್ನೂ ವೈದ್ಯ, ಮಿರ್ಜಾ ಅವರ ಹೆಸರನ್ನೂ ದಯವಿಟ್ಟು ಹೇಳಿಕೊಡಿ.