ಮೊಣಕೈ ಒಂದು, ಬೊಬ್ಬೆ ನೂರು

ಪತ್ರ: ಬೇಸ್‌ಬಾಲ್ ಎಸೆತಗಾರ ಗ್ಲಾಸ್ನೋನ ಮೊಣಕೈ ಕೆಟ್ಟ ದಿನವೇ ಟಿ.ವಿ.ಯವರು ಅವನ ಡಾಡ್ಜರ್ಸ್ ತಂಡದ ತಿಥಿಗೆ ಎಲೆ ಹಾಕಿಬಿಟ್ಟರು. ಅದೇ ತಂಡ ಕಪ್ ಎತ್ತಿತು. ಆದರೂ ಸುದ್ದಿ ಮಾಡುವುದು ಅವರ ಕೆಲಸವಲ್ಲವೇ?
– ಓದುಗರೊಬ್ಬರು, ಅರ್ವೈನ್, ಕ್ಯಾಲಿಫೋರ್ನಿಯಾ

ಉತ್ತರ: ಸುದ್ದಿ ಮಾಡಲಿ, ಬೇಡವೆಂದವರು ಯಾರು? 2024ರ ಸೆಪ್ಟೆಂಬರಿನಲ್ಲಿ ಟೈಲರ್ ಗ್ಲಾಸ್ನೋ ಹೊರಬಿದ್ದದ್ದು ಸಣ್ಣ ನಷ್ಟವೇನಲ್ಲ. ಇಷ್ಟು ಒಪ್ಪಿದೆವು. ತಿಥಿಯೆಲೆಯ ಮಾತು ಬಲು ಹಿಡಿಸಿತು; ಆ ಪಂಕ್ತಿಯಲ್ಲಿ ನೀವೂ ಕೂತಿದ್ದಿರಿ ಎಂಬ ಗುಮಾನಿಯೂ ಇದೆ.

ಸೀಸನ್ನಿಗೆ 162 ಪಂದ್ಯ, ಸರದಿಯಲ್ಲಿ ಪಂದ್ಯದ ಎಸೆತ ಶುರುಮಾಡಲು ಐವರು ಸ್ಟಾರ್ಟರ್‌ಗಳು. ಒಬ್ಬನ ಪಾಲಿಗೆ 32-33 ಪಂದ್ಯ ಬಂದರೆ ಹೆಚ್ಚು. ಉಳಿದ ದಿನ ಎಂಥ ಸ್ಟಾರ್ ಆದರೂ ಡಗ್‌ಔಟಿನಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತ ಕೂತಿರುತ್ತಾನೆ. ಗ್ಲಾಸ್ನೋ ಆ ವರ್ಷ ಸ್ಟಾರ್ಟರ್ ಆಗಿ ಎಸೆದದ್ದು 22 ಪಂದ್ಯ, ಅದೇ ಅಲ್ಲಿಯವರೆಗೆ ಅವನ ಗರಿಷ್ಠ.

ಇನ್ನು ಪದಗಳ ಗೋಳು. ಆಗಸ್ಟಿನಲ್ಲಿ ‘ಟೆಂಡಿನೈಟಿಸ್’ (ಸ್ನಾಯುರಜ್ಜಿನ ಉರಿಯೂತ) ಎಂದದ್ದು ಸೆಪ್ಟೆಂಬರಿನಲ್ಲಿ ‘ಸ್ಪ್ರೇನ್’ ಆಯಿತು. ಸ್ಪ್ರೇನ್ ಎಂದರೆ ಉಳುಕು, ಎಣ್ಣೆ ಹಚ್ಚಿ ನೀವಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಮೊಣಕೈಯ ಒಳಮಗ್ಗುಲಲ್ಲಿ ಎಲುಬಿಗೆ ಎಲುಬು ಬಿಗಿಯುವ ಯುಸಿಎಲ್ ಎಂಬ ನಾರಿನ ಪೆಟ್ಟು, ಎಸೆತಗಾರರಲ್ಲಿ ಹೆಚ್ಚಾಗಿ ಅದು. ಗ್ರೇಡ್ 1 ಎಂದರೆ ಜಗ್ಗಿದೆ, 2 ಎಂದರೆ ಅರೆಬರೆ ಹರಿದಿದೆ, 3 ಎಂದರೆ ತುಂಡು. ಮೊದಲನೆಯದಕ್ಕೆ ವಿಶ್ರಾಂತಿ ಸಾಕಾಗಬಹುದು. ಕೊನೆಯದಕ್ಕೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಮರಳಲು 12ರಿಂದ 18 ತಿಂಗಳು. ಗ್ರೇಡ್ ಹೇಳದೆ ಬೊಬ್ಬೆ ಹೊಡೆಯುವವನಿಗೆ ಎಂಆರ್‌ಐ ವರದಿ ಸಿಕ್ಕಿಲ್ಲ, ಮೈಕ್ ಸಿಕ್ಕಿದೆ ಅಷ್ಟೆ.

ಹೆಬ್ಬೆರಳು, ಕಿರುಬೆರಳು ತಾಗಿಸಿ ಮಣಿಕಟ್ಟು ಮಡಿಸಿ ನೋಡಿ. ನಡುವೆ ದಾರದಂತೆ ಎದ್ದು ನಿಲ್ಲುವ ಸ್ನಾಯುರಜ್ಜು (ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ) – ಅದನ್ನೇ 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಡಾಡ್ಜರ್ಸ್ ಆಟಗಾರ ಟಾಮಿ ಜಾನ್‌ನ ಬಲಗೈಯಿಂದ ತೆಗೆದು, ಎಡ ಮೊಣಕೈಯ ಎಲುಬುಗಳಲ್ಲಿ ತೂತು ಕೊರೆದು ಹರಿದ ನಾರಿನ ಜಾಗಕ್ಕೆ ಪೋಣಿಸಿದ್ದು; ಶಸ್ತ್ರಚಿಕಿತ್ಸೆಗೆ ಹೆಸರು ಬಂದದ್ದು ಅಲ್ಲಿಂದಲೇ. ಆ ಕೈ 1989ರವರೆಗೆ ಎಸೆದು ಇನ್ನೂ 164 ಪಂದ್ಯ ಗೆದ್ದಿತು.

ಎಲೆ ಹಾಕಿದವರು ಮರೆತದ್ದು ಬುಲ್‌ಪೆನ್ನನ್ನು, ಅಂದರೆ ಸ್ಟಾರ್ಟರ್ ಇಳಿದ ಮೇಲೆ ಬಂದು ಎಸೆಯುವವರ ಪಡೆಯನ್ನು. ಅಕ್ಟೋಬರ್ 9ರಂದು ಸೋತರೆ ಮನೆಗೆ ಎಂಬ ಪಂದ್ಯದಲ್ಲಿ ಡಾಡ್ಜರ್ಸ್ ಎಂಟು ಜನರಿಂದ ಎಸೆಸಿ ಎದುರಾಳಿ ಪ್ಯಾಡ್ರೆಸ್‌ಗೆ ಒಂದು ರನ್ನೂ ಕೊಡದೆ 8-0ರಿಂದ ಗೆದ್ದಿತು. ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಕೊನೆಯ ಇನ್ನಿಂಗ್ಸ್ ಎಸೆದ ವಾಕರ್ ಬ್ಯೂಲರ್, ಎರಡು ಬಾರಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದವನು.

ಬೊಬ್ಬೆ ಬೇಕಾದದ್ದು ಬೇರೆಡೆ. ಆ ಡಿಸೆಂಬರಿನಲ್ಲಿ ಈ ಆಟ ನಡೆಸುವ ಮೇಜರ್ ಲೀಗಿನದೇ ವರದಿ ಬಂತು: ಮೇಜರ್, ಅದರ ಕೆಳಹಂತದ ಮೈನರ್ ಲೀಗ್ ಸೇರಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಗಳು 2010ರಲ್ಲಿ 104, 2024ರಲ್ಲಿ 281. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 94.2ಕ್ಕೆ ಏರಿತ್ತು. ಪ್ರತಿ ಎಸೆತವನ್ನೂ ಇಡೀ ಬಲ ಹಾಕಿ ಎಸೆದರೆ ಸ್ನಾಯು ಬೆಳೆದೀತು, ನಾರು ಅಷ್ಟಾಗಿ ಬೆಳೆಯದು. ಈ ಅಂಕಿಗಳಿಗೆ ಯಾರ ಮುಖವೂ ಇಲ್ಲವಲ್ಲ, ಪರದೆಯ ಮೇಲೆ ಹಾಕುವುದೇನು?

ನಮ್ಮ ಪತ್ರಿಕೆಗಳೂ ಸಾಚಾ ಅಲ್ಲ. ‘ತಂಡಕ್ಕೆ ಭಾರಿ ಆಘಾತ’ ಎಂಬ ಅಚ್ಚು ಸದಾ ಸಿದ್ಧ. 2025ರ ಫೆಬ್ರವರಿಯಲ್ಲಿ ಬುಮ್ರಾ ಬೆನ್ನುನೋವಿನಿಂದ ಚಾಂಪಿಯನ್ಸ್ ಟ್ರೋಫಿ ತಪ್ಪಿಸಿಕೊಂಡ ಪ್ರಕಟಣೆಯಲ್ಲೇ, ಜೈಸ್ವಾಲ್ ಬದಲಿಗೆ ಬೀದರ್‌ನಲ್ಲಿ ಹುಟ್ಟಿದ ವರುಣ್ ಚಕ್ರವರ್ತಿಯ ಹೆಸರಿತ್ತು. ಆತ ಮೂರೇ ಪಂದ್ಯದಲ್ಲಿ 9 ವಿಕೆಟ್ ಕಿತ್ತ, ಭಾರತ ಒಂದೂ ಸೋಲದೆ ಗೆದ್ದಿತು. ಆ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿದ್ದಿರಾ, ಅರ್ವೈನ್‌ನವರೇ?