ಓದುಗರ ಪ್ರಶ್ನೆ: ಗಣಿಯ ಕೆಳಗಿನ ಹಳ್ಳದಲ್ಲಿ ಯಾವ ಹುಳ ಕಾಣೆಯಾಗಿದೆ?

ಪ್ರಶ್ನೆ: ಗಣಿ ನೀರು ಸೇರುವ ಹಳ್ಳದಲ್ಲಿ ಯಾವಾಗ ಅಳೆದರೂ ಪಿಎಚ್ 7ರ ಆಸುಪಾಸಿನಲ್ಲೇ ಇದೆ. ಆದರೂ ಹಳ್ಳ ಸತ್ತಂತೆ ಕಾಣುತ್ತದೆ. ಮೀಟರಿಗೆ ಸಿಗದ್ದು ಕಲ್ಲಿನಡಿಯ ಹುಳಗಳಿಂದ ಹೇಗೆ ತಿಳಿಯುತ್ತದೆ?

ಉತ್ತರ: ಮೀಟರು ಹೇಳುವುದು ಅದನ್ನು ಅದ್ದಿದ ಗಳಿಗೆಯ ಸುದ್ದಿ ಮಾತ್ರ. ಹತ್ತು ದಿನದ ಹಿಂದೆ ರಾತ್ರಿ ಬಿಟ್ಟ ಗಣಿ ಹೊಂಡದ ನೀರು ಈಗ ಎಲ್ಲೋ ಕೆಳಗೆ ಹೋಗಿಬಿಟ್ಟಿರುತ್ತದೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಮರಿಗಳು ಹಾಗಲ್ಲ. ರೆಕ್ಕೆ ಬಂದು ಹಾರುವವರೆಗೆ ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಹೆಚ್ಚು ಕಾಲ, ನೀರಿನಲ್ಲೇ ಇರಬೇಕು. ಆ ಅವಧಿಯಲ್ಲಿ ನೀರಿಗೆ ಬಂದದ್ದನ್ನೆಲ್ಲ ಅವು ಅನುಭವಿಸಿರುತ್ತವೆ. ಇನ್ನೊಂದು ಮಾತು: ಪಿಎಚ್ 7 ಇದ್ದರೂ ಸತು, ಕ್ಯಾಡ್ಮಿಯಂ ನೀರಿನಲ್ಲಿ ಕರಗಿಯೇ ಇರಬಲ್ಲವು. ಆಮ್ಲ ಇಲ್ಲವೆಂದ ಮಾತ್ರಕ್ಕೆ ಲೋಹ ಇಲ್ಲ ಎಂದುಕೊಳ್ಳಬೇಡಿ.

ಪ್ರಶ್ನೆ: ಮಾದರಿ ತೆಗೆಯುವ ಕ್ರಮವನ್ನು ವಿವರವಾಗಿ ತಿಳಿಸಿ. ನಮ್ಮ ಎರಡು ಸಲದ ಎಣಿಕೆಗೂ ತಾಳೆಯೇ ಆಗಲಿಲ್ಲ.

ಉತ್ತರ: ತಾಳೆಯಾಗದಿರಲು ಬಹುಪಾಲು ಕಾರಣ ಜಾಗದ ಆಯ್ಕೆ. ಗಣಿ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು ತಾಣ, ಕೆಳಗೆ ಒಂದು ತಾಣ ಬೇಕು. ಕೆಳಗಿನದು ಎರಡು ನೀರೂ ಪೂರ್ತಿ ಬೆರೆತ ಮೇಲಿನ ಜಾಗವಾಗಿರಲಿ. ಸ್ವಲ್ಪ ದೂರ ಎರಡೂ ಪಕ್ಕಪಕ್ಕದಲ್ಲೇ ಹರಿಯುವುದುಂಟು. ಎರಡು ತಾಣದಲ್ಲೂ ಕಲ್ಲುಗಳ ಮೇಲೆ ನೀರು ಸದ್ದು ಮಾಡುತ್ತ ಹರಿಯುವ ತೆಳು ಭಾಗವನ್ನೇ ಆರಿಸಿ. ಒಂದು ಕಡೆ ಹರಿವು, ಇನ್ನೊಂದು ಕಡೆ ಮಡು ಆದರೆ ನೀವು ಹೋಲಿಸುತ್ತಿರುವುದು ಗಣಿಯ ಪರಿಣಾಮವನ್ನಲ್ಲ, ಮಡುವನ್ನು.

ಬಲೆಯ ಕಣ್ಣು 0.5 ಮಿಲಿಮೀಟರ್ ಇರಲಿ. ಬಲೆಯ ಬಾಯಿ ನೀರು ಬರುವ ದಿಕ್ಕಿಗಿರಲಿ, ಅಂಚು ತಳಕ್ಕೆ ಒತ್ತಿರಲಿ. ಅದರ ಮುಂದೆ ನಿಂತು ಪಾದದಿಂದ ಕಲ್ಲುಗಳನ್ನು ಕೆದಕಿ, ದೊಡ್ಡವನ್ನು ಕೈಯಿಂದ ಉಜ್ಜಿ ತೊಳೆಯಿರಿ. ಹರಿವಿನ ಬೇರೆ ಬೇರೆ ಕಡೆ ಸರಿಯುತ್ತ ಒಟ್ಟು 3 ನಿಮಿಷ, ಗಡಿಯಾರ ನೋಡಿಕೊಂಡೇ. ಪ್ರತಿ ತಾಣದಲ್ಲಿ ಇಂಥ 3 ಮಾದರಿ. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಇಲ್ಲದಿದ್ದರೆ ನೀವೇ ಕದಡಿದ್ದು ಕೆಳಗಿನ ಬಲೆಗೆ ಬಂದು ಬೀಳುತ್ತದೆ. ನಡುವೆ ಬಲೆಯನ್ನು ಒಳಮೈ ಹೊರಮಾಡಿ ತೊಳೆಯಿರಿ. ಹೊಲಿಗೆಗೆ ಸಿಕ್ಕಿಕೊಂಡ ಒಂದೇ ಒಂದು ಮೇಫ್ಲೈ ಮುಂದಿನ ತಾಣದ ಲೆಕ್ಕ ಕೆಡಿಸಬಲ್ಲದು.

ಡಬ್ಬಿಯಲ್ಲಿ ಮಾದರಿ ಅರ್ಧಕ್ಕಿಂತ ಹೆಚ್ಚು ಬೇಡ. ಮೇಲೆ 95% ಆಲ್ಕೋಹಾಲ್ ತುಂಬಿ, ಮರುದಿನ ಬದಲಿಸಿ. ಹುಳ, ಎಲೆಗಳಲ್ಲಿನ ನೀರು ಸೇರಿ ಅದು 70%ಕ್ಕಿಂತ ತೆಳುವಾದರೆ ಒಳಗೆ ಕೊಳೆಯುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಸಿಕ್ಕರೆ ಉಳಿಯದು.

ದೊಡ್ಡ ಮಳೆಯ ಪ್ರವಾಹವಾದ ಕೂಡಲೇ ಹೋಗಬೇಡಿ, ಎರಡು ಮೂರು ವಾರ ಬಿಡಿ. ಹಾಗೆಯೇ, ಒಂದು ಸಲ ಚಳಿಗಾಲ, ಇನ್ನೊಂದು ಸಲ ಬೇಸಿಗೆ ಎಂದಾದರೆ ಎರಡನ್ನು ಹೋಲಿಸಲಾಗದು. ಹುಳಗಳು ರೆಕ್ಕೆ ಬಂದು ಹಾರಿಹೋಗಿದ್ದರೆ ಅದು ಗಣಿಯ ತಪ್ಪಲ್ಲ.

ಪ್ರಶ್ನೆ: ಮೂರು ಬಾಲವಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ ತಾನೆ?

ಉತ್ತರ: ಪೂರ್ತಿ ನಂಬಬೇಡಿ. ಎರಡೇ ಬಾಲದ ಮೇಫ್ಲೈಗಳಿವೆ, ಹಿಡಿಯುವಾಗ ಬಾಲ ಮುರಿಯುವುದೂ ಉಂಟು. ಬಿಳಿ ತಟ್ಟೆಗೆ ನೀರು ಹಾಕಿ ಬಿಟ್ಟು, ಭೂತಗನ್ನಡಿಯಲ್ಲಿ ಕಾಲಿನ ತುದಿ ನೋಡಿ. ಉಗುರು ಒಂದೇ ಇದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ಜೀವಂತ ಮೇಫ್ಲೈಯ ಹೊಟ್ಟೆಯ ಎರಡೂ ಪಕ್ಕದಲ್ಲಿ ಸಣ್ಣ ಎಲೆಯಂಥ ಕಿವಿರುಗಳಿರುತ್ತವೆ, ಹಲವು ಜಾತಿಗಳಲ್ಲಿ ಅವು ಪಟಪಟ ಬಡಿಯುತ್ತಲೇ ಇರುತ್ತವೆ.

ಪ್ರಶ್ನೆ: ಸ್ಟೋನ್‌ಫ್ಲೈ ಶುದ್ಧ ನೀರಿನ ಗುರುತು ಎನ್ನುತ್ತಾರೆ. ತುಕ್ಕು ಬಣ್ಣದ, ಹುಳಿ ನೀರಿನ ಹಳ್ಳದಲ್ಲಿ ಅವೇ ಸಿಕ್ಕವು. ಬಿಎಂಡಬ್ಲ್ಯುಪಿ (ಸಿಕ್ಕ ಹುಳಗಳ ಕುಟುಂಬಕ್ಕೆ ಅಂಕ ಕೊಟ್ಟು ನೀರಿನ ಗುಣ ಅಳೆಯುವ ಪಟ್ಟಿ) ಸರಾಸರಿಯೂ ಚೆನ್ನಾಗಿಯೇ ಬಂತು!

ಉತ್ತರ: ತಪ್ಪು ನಿಮ್ಮದಲ್ಲ, ಅಂಕಪಟ್ಟಿಯದು. ಆ ಪಟ್ಟಿ ಮಾಡಿದ್ದು ಚರಂಡಿ ನೀರಿನಂಥ ಸಾವಯವ ಮಾಲಿನ್ಯಕ್ಕೆ; ಆಮ್ಲಜನಕ ಕಡಿಮೆಯಾದರೆ ಯಾವ ಹುಳ ತಾಳುತ್ತದೆ ಎಂಬುದೇ ಅದರ ಅಳತೆಗೋಲು. ಲ್ಯೂಕ್ಟ್ರಿಡೇ ಕುಟುಂಬಕ್ಕೆ 10, ನೆಮೌರಿಡೇಗೆ 7, ಕೈರೊನೊಮಿಡೇಗೆ (ಕಚ್ಚದ ನೊರಜುಗಳ ಮರಿ) 2 ಅಂಕ. ಈ ಮೂರೇ ಸಿಕ್ಕಿದರೂ ಮೊತ್ತ 19, ಸರಾಸರಿ 6.3! ಮೊದಲೆರಡು ಕುಟುಂಬದ ಸ್ಟೋನ್‌ಫ್ಲೈಗಳಲ್ಲಿ ಹಲವು ಹುಳಿ ನೀರನ್ನು ತಾಳಿಕೊಳ್ಳುತ್ತವೆ. ಅಲ್ಲಿ ಇಲ್ಲವಾಗುವುದು ಮೇಫ್ಲೈ, ಬಸವನಹುಳು, ಸಿಗಡಿ ಜಾತಿಗಳು. ಗಣಿ ಪ್ರದೇಶದಲ್ಲಿ ಸರಾಸರಿಯನ್ನು ಎಂದೂ ಒಂಟಿಯಾಗಿ ನೋಡಬೇಡಿ, ಎಷ್ಟು ಕುಟುಂಬ ಸಿಕ್ಕಿದವೆಂದು ಜೊತೆಗೇ ಬರೆಯಿರಿ.

ಯಾರು ಹೋದರು, ಯಾರು ಉಳಿದರು ಎಂಬುದೇ ಇಲ್ಲಿ ಮುಖ್ಯ. ಕಲ್ಲಿಗೆ ಅಂಟಿಕೊಳ್ಳುವ ಚಪ್ಪಟೆ ಮೈಯ ಹೆಪ್ಟಜೆನಿಡೇ ಮೇಫ್ಲೈ ಮೇಲಿನ ತಾಣದಲ್ಲಿದ್ದು, ಕೆಳಗೆ ಬರೀ ಕೈರೊನೊಮಿಡೇ, ಬಲೆ ನೇಯುವ ಹೈಡ್ರೊಸೈಕಿಡೇ ಕ್ಯಾಡಿಸ್‌ ಉಳಿದಿದ್ದರೆ ಲೋಹದ ಮೇಲೆ ಅನುಮಾನ. ಕಲ್ಲುಗಳ ಸಂದಿ ಹೂಳಿನಿಂದ ಮುಚ್ಚಿ ಎರೆಹುಳದ ಜಾತಿ ಹೆಚ್ಚಿದ್ದರೆ ಗಣಿಯ ಮಣ್ಣು. ಪಿಎಚ್ ಸರಿಯಿದ್ದು ಮೇಫ್ಲೈ ಮಾತ್ರ ಇಳಿದಿದ್ದರೆ ನೀರಿನ ವಿದ್ಯುತ್ ವಾಹಕತೆ (ಕರಗಿದ ಲವಣ ಎಷ್ಟಿದೆ ಎಂಬುದರ ಸೂಚಕ) ಅಳೆಯಿರಿ: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2011ರಲ್ಲಿ ಮಧ್ಯ ಅಪಲಾಚಿಯ ಪ್ರದೇಶದ ತೊರೆಗಳಿಗೆ ಸೂಚಿಸಿದ ಮಿತಿ ಸೆಂಟಿಮೀಟರಿಗೆ 300 ಮೈಕ್ರೋಸೀಮೆನ್ಸ್. ಅದು ಆ ಸೀಮೆಯ ಲವಣ ಮಿಶ್ರಣಕ್ಕೆ ಹೇಳಿದ್ದು, ಎಲ್ಲೆಡೆಗೂ ಹಾಗೇ ಅನ್ವಯಿಸಬೇಡಿ.

ಪ್ರಶ್ನೆ: ಹುಳ ನೋಡಿ ತಾಮ್ರವೋ ಸತುವೋ ಎಂದು ಹೇಳಬಹುದೇ?

ಉತ್ತರ: ಆಗದು. ಅದಕ್ಕೆ ನೀರಿನ, ಕೆಸರಿನ ರಾಸಾಯನಿಕ ಪರೀಕ್ಷೆಯೇ ಬೇಕು. ಎಲ್ಲಿಂದ ಮಾದರಿ ತೆಗೆಯಬೇಕೆಂದು ಹುಳಗಳು ತೋರಿಸಿಕೊಡುತ್ತವೆ, ಅಷ್ಟೆ.

ಪ್ರಶ್ನೆ: ಸುಣ್ಣ ಹಾಕಿ ನೀರಿನ ಹುಳಿ ತೆಗೆದು ವರ್ಷವಾಯಿತು. ಹುಳಗಳು ಮರಳಿಲ್ಲ.

ಉತ್ತರ: ಒಂದು ಕಲ್ಲು ಎತ್ತಿ ಬೆರಳಿಂದ ಉಜ್ಜಿ. ಕಿತ್ತಳೆ ಬಣ್ಣದ ಲೋಳೆ ಬಂದರೆ ಕಬ್ಬಿಣ, ಬಿಳಿ ಬಂದರೆ ಬಹುಶಃ ಅಲ್ಯೂಮಿನಿಯಂ. ಪಿಎಚ್ ಏರಿದಾಗ ಕರಗಿದ್ದ ಲೋಹ ಹೀಗೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಸಂದಿಗಳನ್ನೂ ಕಿವಿರುಗಳನ್ನೂ ಮುಚ್ಚುತ್ತದೆ. ಸುಣ್ಣ ಹಾಕಿದ ನೀರು ಹಳ್ಳ ಸೇರುವ ಮೊದಲು ಕೊಳದಲ್ಲಿ ನಿಂತು ತಿಳಿಯಾಗಬೇಕು. ಕಲ್ಲು ಶುದ್ಧವಾಗಿಯೇ ಇದ್ದರೆ ಮೇಲ್ಭಾಗ ನೋಡಿ: ಹುಳ ತೇಲಿ ಬರಲು ಒಳ್ಳೆಯ ಉಪನದಿ ಹತ್ತಿರದಲ್ಲಿ ಇಲ್ಲದಿದ್ದರೆ, ಹಾರಿ ಬಂದು ಮೊಟ್ಟೆಯಿಡುವ ಪ್ರೌಢ ಕೀಟಗಳಿಗಾಗಿ ಇನ್ನೂ ಒಂದೆರಡು ಋತು ಕಾಯಬೇಕಾದೀತು.